ಸೇರಿದವರಲ್ಲಿ ಮುಗಿಸಿದವರೆಷ್ಟು? ಕುವೆಂಪು, ಮಂಗಳೂರು ವಿಶ್ವವಿದ್ಯಾಲಯಗಳ ಲೆಕ್ಕ ಕೇಳಿ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ, ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿಗೆ, ಕುವೆಂಪು ಮತ್ತು ಮಂಗಳೂರು ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ,

ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಘಾಟಿ ಇಳಿದರೆ ಸಿಗುವ ಸೋಮೇಶ್ವರ ಹೆಬ್ರಿ ತಾಲ್ಲೂಕಿನದು. ನಡುವೆ ಇರುವುದು ಹದಿನಾಲ್ಕು ತಿರುವು ಅಷ್ಟೇ. ಮೇಲೆ ತೀರ್ಥಹಳ್ಳಿಯ ಕಾಲೇಜಿಗೆ ಸೇರಿದ ಹುಡುಗಿಗೆ ಶಂಕರಘಟ್ಟದ ಕುವೆಂಪು ವಿವಿ ಪದವಿ ಕೊಡುತ್ತದೆ, ಕೆಳಗೆ ಹೆಬ್ರಿಗೋ ಕಾರ್ಕಳಕ್ಕೋ ಹೋದವಳಿಗೆ ಕೊಣಾಜೆಯ ಮಂಗಳೂರು ವಿವಿ. ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ಆ ಸೀಮೆಯ ಮನೆಗಳಲ್ಲಿ ಇದೇ ಮಾತು: ಮೇಲೋ, ಕೆಳಗೋ? ಶೃಂಗೇರಿ, ಕೊಪ್ಪ, ಹೊಸನಗರದವರಿಗೂ ಇದೇ ತಕರಾರು.

ಮನೆಯವರು ಕೇಳುವುದು ಎರಡೇ ಪ್ರಶ್ನೆ. ಪದವಿ ಕೈಗೆ ಬರುವ ಹೊತ್ತಿಗೆ ಒಟ್ಟು ಎಷ್ಟು ಖರ್ಚಾಗುತ್ತದೆ? ಸೇರಿದ ನೂರು ಮಕ್ಕಳಲ್ಲಿ ಎಷ್ಟು ಮಂದಿ ಮೂರೇ ವರ್ಷದಲ್ಲಿ ಮುಗಿಸುತ್ತಾರೆ? ಎರಡೂ ವಿವಿಗಳು ಜನರ ತೆರಿಗೆಯಲ್ಲಿ ನಡೆಯುವಂಥವು. ಮಂಗಳೂರಿನದು 1980ರದು, ಕುವೆಂಪು 1987ರದು. ಆದರೂ ಈ ಎರಡು ಪ್ರಶ್ನೆಗೆ ಒಂದು ಹಾಳೆಯ ಉತ್ತರ ತಂದೆತಾಯಿಯ ಕೈಗೆ ಸಿಗುತ್ತಿಲ್ಲ. ಉತ್ತರ ಕಟ್ಟಲು ಬೇಕಾದ ಮಾಹಿತಿ ಮಾತ್ರ 2021ರಿಂದ ನಿಮ್ಮದೇ ಸರ್ವರಿನಲ್ಲಿದೆ. ಅದನ್ನು ಲೆಕ್ಕ ಹಾಕಿ ಹೊರಗಿಡಿ ಎಂದು ಕೇಳಲು ಈ ಪತ್ರ. ಲೆಕ್ಕ ಹಾಕುವುದು ಹೇಗೆ, ಎಲ್ಲಿ ತಪ್ಪುತ್ತದೆ ಎಂಬುದನ್ನೂ ಕೆಳಗೆ ಬರೆದಿದ್ದೇವೆ.

ಮೊದಲಿಗೆ, ಈಗ ಸಿಗುವ ಅಂಕಿಗಳು ಯಾಕೆ ಸಾಲವು ಎನ್ನುವುದು. ಹೋಲಿಕೆ ಎಂದೊಡನೆ ಎಲ್ಲರೂ ತೆಗೆಯುವುದು ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಗ್ರೇಡ್ ಮತ್ತು ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ್‍ಯಾಂಕ್. ಎನ್‌ಐಆರ್‌ಎಫ್‌ನಲ್ಲಿ ವಿವಿಗಳ ಪದವಿ ಫಲಿತಾಂಶಕ್ಕೆ ನೂರಕ್ಕೆ 20ರ ತೂಕ ಇದೆ, ನಿಜ. ಅದರೊಳಗೆ ನಿಗದಿತ ಅವಧಿಯಲ್ಲಿ ಪಾಸಾದವರ ಅಂಕಿಯೂ ಇದೆ. ಮಂಜೂರಾದ ಸೀಟಿಗೆ ಎದುರಾಗಿ ಎಷ್ಟು ಮಂದಿ ಸಕಾಲಕ್ಕೆ ತೇರ್ಗಡೆಯಾದರು ಎಂಬುದರ ಮೂರು ವರ್ಷದ ಸರಾಸರಿ ತೆಗೆಯುತ್ತಾರೆ, ಅದು 80 ಮುಟ್ಟಿದರೆ ಪೂರ್ತಿ ಅಂಕ ಕೊಡುತ್ತಾರೆ. ಇಲ್ಲಿ ಎರಡು ಎಡವಟ್ಟು. ಭಾಜಕದಲ್ಲಿ ಕೂತಿರುವುದು ಸೀಟು, ಸೇರಿದ ವಿದ್ಯಾರ್ಥಿ ಅಲ್ಲ. ಸೀಟು ಖಾಲಿ ಬಿದ್ದರೂ ಅಂಕಿ ಇಳಿಯುತ್ತದೆ, ಮಕ್ಕಳು ಅರ್ಧಕ್ಕೆ ಬಿಟ್ಟರೂ ಇಳಿಯುತ್ತದೆ, ಯಾವುದರಿಂದ ಇಳಿಯಿತು ಎಂದು ಓದುವವನಿಗೆ ಗೊತ್ತಾಗುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು: ವಿವಿಗಳ ಪಟ್ಟಿಯಲ್ಲಿ ಲೆಕ್ಕಕ್ಕೆ ಬರುವುದು ಕ್ಯಾಂಪಸ್ಸಿನ ವಿಭಾಗಗಳು. ಶಂಕರಘಟ್ಟದಲ್ಲಿ ಎಂಎಸ್ಸಿ ಓದುವವರು ಬರುತ್ತಾರೆ, ಶಿಕಾರಿಪುರದ ಸರ್ಕಾರಿ ಕಾಲೇಜಿನಲ್ಲಿ ಬಿಕಾಂ ಓದುವವರು ಬರುವುದಿಲ್ಲ. ನ್ಯಾಕ್ ವಿವಿಗೆ ಕೊಡುವ ಗ್ರೇಡ್ ಕೂಡ ಸಂಯೋಜಿತ ಕಾಲೇಜುಗಳ ಮೇಲಿನ ತೀರ್ಪಲ್ಲ. ವಿವಿಯ ಮುದ್ರೆ ಹೊತ್ತ ಪದವಿ ಪಡೆಯುವವರಲ್ಲಿ ಬಹುಪಾಲು ಮಂದಿ ಈ ಸಂಯೋಜಿತ ಕಾಲೇಜಿನವರೇ. ಅವರ ಪಾಲಿಗೆ ಈ ಎರಡು ಪಟ್ಟಿಯೂ ಪಕ್ಕದ ಮನೆಯ ಜಾತಕ.

ಇನ್ನುಳಿದದ್ದು ಪ್ರತಿ ಬಾರಿ ಪ್ರಕಟವಾಗುವ ‘ಶೇಕಡಾವಾರು ಫಲಿತಾಂಶ’. ಕಾಲೇಜಿನ ಬ್ಯಾನರಿನಲ್ಲಿ ಎದ್ದು ಕಾಣುವ ಅಂಕಿ ಇದು, ಜನರನ್ನು ಹೆಚ್ಚು ದಾರಿ ತಪ್ಪಿಸುವ ಅಂಕಿಯೂ ಇದೇ. ಒಂದು ಕಾಲ್ಪನಿಕ ಉದಾಹರಣೆಯಲ್ಲಿ ನೋಡಿ. ಒಂದು ಗುಂಪು ಕಾಲೇಜುಗಳಲ್ಲಿ ಬಿಎಗೆ 1,000 ಮಂದಿ ಸೇರಿದರು ಅಂದುಕೊಳ್ಳಿ. ಎರಡನೇ ವರ್ಷಕ್ಕೆ ಶುಲ್ಕ ಕಟ್ಟಿದವರು 830. ಆರನೇ ಸೆಮಿಸ್ಟರಿನ ಪರೀಕ್ಷಾ ಶುಲ್ಕ ಕಟ್ಟಿದವರು 700. ಆ ಸೆಮಿಸ್ಟರಿನ ಎಲ್ಲ ವಿಷಯದಲ್ಲಿ ಪಾಸಾದವರು 560. ಫಲಿತಾಂಶ ಶೇ 80! ಪತ್ರಿಕೆಗೆ ಫೋಟೊ ಸಮೇತ ಸುದ್ದಿ. ಆದರೆ ಆ 560ರಲ್ಲಿ 90 ಮಂದಿಗೆ ಎರಡನೇ ಸೆಮಿಸ್ಟರಿನ ಇಂಗ್ಲಿಷೋ ಮೂರನೆಯದರ ಅರ್ಥಶಾಸ್ತ್ರವೋ ಇನ್ನೂ ಬಾಕಿ ಇದೆ. ಆರೂ ಸೆಮಿಸ್ಟರ್ ದಾಟಿ ಪದವಿಗೆ ಅರ್ಹರಾದವರು 470. ಸೇರಿದವರ ಲೆಕ್ಕದಲ್ಲಿ ಶೇ 47. ಒಂದೇ ಮಕ್ಕಳು, ಒಂದೇ ಪರೀಕ್ಷೆ. 80 ಎಂದರೂ ಸುಳ್ಳಲ್ಲ, 47 ಎಂದರೂ ಸುಳ್ಳಲ್ಲ. ತಂದೆತಾಯಿಗೆ ಬೇಕಿರುವುದು ಎರಡನೆಯದು.

ಸೇರಿದವರನ್ನೇ ಭಾಜಕದಲ್ಲಿಟ್ಟು ಕೊನೆಯವರೆಗೆ ಹಿಂಬಾಲಿಸುವ ಈ ಪದ್ಧತಿ ಹೊಸತೇನಲ್ಲ. ಅಮೆರಿಕದಲ್ಲಿ 1990ರ ಕಾನೂನಿನ ಪ್ರಕಾರ, ಕೇಂದ್ರದ ವಿದ್ಯಾರ್ಥಿ ನೆರವು ಪಡೆಯುವ ಕಾಲೇಜುಗಳು ಒಂದು ವರ್ಷ ಸೇರಿದ ತಂಡದಲ್ಲಿ ಎಷ್ಟು ಮಂದಿ ನಿಗದಿತ ಅವಧಿಯ ಒಂದೂವರೆ ಪಟ್ಟಿನೊಳಗೆ ಮುಗಿಸಿದರು ಎಂದು ತಿಳಿಸಲೇಬೇಕು. ನಾಲ್ಕು ವರ್ಷದ ಪದವಿಗೆ ಆರು ವರ್ಷದ ಗಡುವು. ಅಲ್ಲಿನ ಪದ್ಧತಿಯಲ್ಲೂ ಹುಳುಕಿದೆ, ಕಾಲೇಜು ಬದಲಿಸಿದವರು ಬಹುಕಾಲ ಬಿಟ್ಟುಹೋದವರಂತೆಯೇ ಎಣಿಕೆಯಾದರು. ನಮ್ಮಲ್ಲಿ ಆ ತೊಡಕು ಬರಬೇಕಿಲ್ಲ, ಅದಕ್ಕೆ ಕಾರಣ ಯುಯುಸಿಎಂಎಸ್, ಅಂದರೆ ರಾಜ್ಯದ ವಿವಿ, ಕಾಲೇಜುಗಳ ಪ್ರವೇಶದಿಂದ ಫಲಿತಾಂಶದವರೆಗಿನ ಕೆಲಸ ನಡೆಯುವ ಸರ್ಕಾರಿ ಪೋರ್ಟಲ್.

ಯುಯುಸಿಎಂಎಸ್ ಪೋರ್ಟಲ್ಲನ್ನು ಬೈಯದ ಕಾಲೇಜು ಕಚೇರಿ ಇರಲಿಕ್ಕಿಲ್ಲ. ಕೊನೆಯ ದಿನ ಸರ್ವರ್ ಕೂರುವುದು, ಆಂತರಿಕ ಅಂಕ ನಮೂದಾಗದೆ ಫಲಿತಾಂಶ ತಡೆಹಿಡಿಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಅದು ಕೊಟ್ಟ ದೊಡ್ಡ ಉಪಕಾರವೊಂದಿದೆ. ರಾಜ್ಯದ ವಿವಿಗಳ ಪದವಿ ವಿದ್ಯಾರ್ಥಿಗೆ ಸೇರಿದ ದಿನದಿಂದ ಒಂದು ನೋಂದಣಿ ಸಂಖ್ಯೆ ಇದೆ. ವಿವಿ, ಕಾಲೇಜು, ಸೇರಿದ ವರ್ಷ ಎಲ್ಲವೂ ಆ ಸಂಖ್ಯೆಯಲ್ಲೇ ಅಡಗಿದೆ. ಪರೀಕ್ಷಾ ಶುಲ್ಕ, ಆಂತರಿಕ ಅಂಕ, ಸೆಮಿಸ್ಟರ್ ಫಲಿತಾಂಶ ಅದೇ ಸಂಖ್ಯೆಗೆ ಅಂಟಿಕೊಂಡಿವೆ. ವಿದ್ಯಾರ್ಥಿವೇತನ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿದೆ. ಅಂಕಪಟ್ಟಿ, ಪದವಿ ಪ್ರಮಾಣಪತ್ರ ಡಿಜಿಲಾಕರಿನ ಶೈಕ್ಷಣಿಕ ದಾಖಲೆಗಳ ಭಂಡಾರವಾದ ನ್ಯಾಡ್‌ನಲ್ಲಿದೆ. ಯುವನಿಧಿಗೆ ಅರ್ಜಿ ಹಾಕಿದ ಪದವೀಧರರ ಪಟ್ಟಿ ಸೇವಾಸಿಂಧುವಿನಲ್ಲಿದೆ. ನಾಲ್ಕೂ ಸರ್ಕಾರದ್ದೇ ಕಡತ.

ಈಗ ತಂಡಗಳ ವಿಷಯ. 2021-22ರಲ್ಲಿ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯ, ಅಂದರೆ ಎನ್‌ಇಪಿಯ ಮೊದಲ ತಂಡ. ಅವರು ಆರನೇ ಸೆಮಿಸ್ಟರ್ ಮುಟ್ಟಿದ್ದು 2024ರಲ್ಲಿ. 2022-23 ಮತ್ತು 2023-24ರ ತಂಡಗಳೂ ಅದೇ ಪಠ್ಯಕ್ರಮದವು. 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಆ ತಂಡ ಮುಗಿಸಬೇಕಾದದ್ದು 2027ರಲ್ಲಿ. ಈ ಗಡಿಯನ್ನು ಲೆಕ್ಕದಲ್ಲಿ ದಾಟಬಾರದು. ಎನ್‌ಇಪಿ ತಂಡದ ಅಂಕಿಯ ಪಕ್ಕ ಹೊಸ ತಂಡದ ಅಂಕಿ ಇಟ್ಟು ‘ಸುಧಾರಣೆ’ ಎಂದರೆ ಅದು ಪಠ್ಯಕ್ರಮ ಬದಲಾದದ್ದರ ಫಲವೋ ವಿವಿಯ ಸಾಧನೆಯೋ ಹೇಳಲಾಗದು. ಎನ್‌ಇಪಿಯಲ್ಲಿ ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ ಹಿಡಿದು ಹೊರಬೀಳುವ ಅವಕಾಶ ಇತ್ತು. ಹಾಗೆ ಹೊರಟವರನ್ನು ‘ಮುಗಿಸಿದವರು’ ಎಂದು ಸೇರಿಸಬೇಡಿ, ಬೇರೆ ಸಾಲಿನಲ್ಲಿ ತೋರಿಸಿ. ನಾಲ್ಕನೇ ವರ್ಷದ ಆನರ್ಸ್‌ಗೆ ಹೋದವರು ಮೂರನೇ ವರ್ಷಕ್ಕೇ ಪದವಿಗೆ ಅರ್ಹರಾಗಿರುತ್ತಾರೆ, ಅವರನ್ನು ತಡವಾದವರ ಸಾಲಿಗೆ ಹಾಕಬೇಡಿ.

ಭಾಜಕಕ್ಕೆ ಯಾವ ದಿನದ ಸಂಖ್ಯೆ ಹಿಡಿಯಬೇಕು? ಜಗಳ ಬರುವುದೇ ಇಲ್ಲಿ. ಬಿಎಸ್ಸಿಗೆ ಸೇರಿದ ಮಕ್ಕಳಲ್ಲಿ ಒಂದಷ್ಟು ಮಂದಿ ಸಿಇಟಿಯ ಮುಂದಿನ ಸುತ್ತಿನಲ್ಲಿ ಎಂಜಿನಿಯರಿಂಗೋ ಕೃಷಿಯೋ ನರ್ಸಿಂಗೋ ಸಿಕ್ಕೊಡನೆ ಟಿಸಿ ತೆಗೆದುಕೊಂಡು ಹೋಗುತ್ತಾರೆ. ಅವರನ್ನೂ ‘ಬಿಟ್ಟವರು’ ಎಂದರೆ ಕಾಲೇಜಿಗೆ ಅನ್ಯಾಯ ಎಂದು ಪ್ರಾಂಶುಪಾಲರು ಹೇಳುತ್ತಾರೆ, ಅದರಲ್ಲಿ ಹುರುಳಿದೆ. ಹಾಗಂತ ಮೊದಲ ಸೆಮಿಸ್ಟರ್ ಪರೀಕ್ಷೆಗೆ ಕೂತವರನ್ನೇ ಭಾಜಕ ಮಾಡಿದರೆ, ಶುಲ್ಕಕ್ಕೆ ದುಡ್ಡಿಲ್ಲದೆ, ಬಸ್ಸಿಲ್ಲದೆ, ಮದುವೆ ಗೊತ್ತಾಗಿ ನವೆಂಬರಿನೊಳಗೇ ಕಾಲೇಜು ಬಿಟ್ಟ ಹುಡುಗಿ ಲೆಕ್ಕದಿಂದಲೇ ಮಾಯವಾಗುತ್ತಾಳೆ. ನಮ್ಮ ಸಲಹೆ: ಅನುಮೋದನೆಯಾದ ಪ್ರವೇಶಪಟ್ಟಿಯೇ ಭಾಜಕವಾಗಲಿ. ಟಿಸಿ ಪಡೆದು ಬೇರೆ ಕೋರ್ಸಿಗೆ ಹೋದವರ ಸಂಖ್ಯೆ ಪಕ್ಕದಲ್ಲೇ ಇರಲಿ. ಒಂದು ವಿವಿಯಿಂದ ಇನ್ನೊಂದಕ್ಕೆ ಬದಲಾದವರನ್ನು ಪೋರ್ಟಲ್ಲೇ ಹುಡುಕಿ ಕೊಡಬಲ್ಲದು.

ಫಲಿತಾಂಶ ಎರಡು ಗಡುವಿಗೆ ಬೇಕು, ಮೂರು ವರ್ಷಕ್ಕೆ ಮತ್ತು ಐದು ವರ್ಷಕ್ಕೆ. ಮೂರರದು ಸಕಾಲಕ್ಕೆ ಮುಗಿಸಿದವರ ಲೆಕ್ಕ. ಐದರದು ಬ್ಯಾಕ್‌ಲಾಗ್ ಕಟ್ಟಿ ಕಟ್ಟಿ ಕಡೆಗೂ ಗೆದ್ದವರದು. 2021ರ ತಂಡದ ಐದನೇ ವರ್ಷ 2026ಕ್ಕೆ ಮುಗಿಯುತ್ತದೆ.

ಮೂರು ವರ್ಷದ ಅಂಕಿಯಲ್ಲಿ ವಿದ್ಯಾರ್ಥಿಯ ತಪ್ಪಲ್ಲದ ಒಂದು ವಿಳಂಬವೂ ಬೆರೆಯುತ್ತದೆ. ಆರನೇ ಸೆಮಿಸ್ಟರ್ ಪರೀಕ್ಷೆ ಮುಗಿದ ದಿನದಿಂದ ಫಲಿತಾಂಶ ಬರುವವರೆಗೆ ಎಷ್ಟು ದಿನ, ಮರುಮೌಲ್ಯಮಾಪನದ ಫಲಿತಾಂಶಕ್ಕೆ ಎಷ್ಟು ದಿನ ಎಂಬುದನ್ನು ಎರಡೂ ವಿವಿಗಳ ಕುಲಸಚಿವರು (ಮೌಲ್ಯಮಾಪನ) ಬೇರೆಯಾಗಿಯೇ ಪ್ರಕಟಿಸಬೇಕು. ಇಪ್ಪತ್ತು ದಿನ ತಡವಾದರೆ ಬಿಎಡ್ ಅರ್ಜಿ ಹೋಯಿತು, ಬೇರೆ ರಾಜ್ಯದ ಎಂಎ ಪ್ರವೇಶ ಹೋಯಿತು, ಮನೆಯಲ್ಲಿ ಒಂದು ವರ್ಷ ಹೋಯಿತು. ಅರ್ಹರಾಗಬೇಕಾದ ದಿನದಿಂದ 180 ದಿನದೊಳಗೆ ಪದವಿ ಕೊಡಬೇಕು ಎನ್ನುತ್ತದೆ ಯುಜಿಸಿಯ 2008ರ ನಿಯಮಾವಳಿ. ಪಾಸಾದ ಮೇಲೆ 180 ದಿನ ಕೆಲಸವಿಲ್ಲದೆ ಇದ್ದರೆ ಯುವನಿಧಿಯ ತಿಂಗಳ 3,000 ರೂಪಾಯಿಗೆ ಅರ್ಹತೆ. ಒಂದು ಸರ್ಕಾರಿ ಗಡಿಯಾರ ಪದವಿ ಪತ್ರಕ್ಕೆ, ಇನ್ನೊಂದು ನಿರುದ್ಯೋಗಕ್ಕೆ. ಎರಡೂ ಒಂದೇ ಹೊತ್ತು ತೋರಿಸುವುದು ಕಾಕತಾಳೀಯವೇ ಇರಬಹುದು.

ಇನ್ನು ದುಡ್ಡಿನ ಮಾತು. ಪ್ರಾಸ್ಪೆಕ್ಟಸ್ಸಿನಲ್ಲಿ ಅಚ್ಚಾಗುವುದು ಶುಲ್ಕ, ಮನೆಯಿಂದ ಹೋಗುವುದು ಖರ್ಚು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. ಆದರೆ ನೋಂದಣಿ, ಕ್ರೀಡೆ, ಗ್ರಂಥಾಲಯ, ಪ್ರಯೋಗಾಲಯ, ಪ್ರತಿ ಸೆಮಿಸ್ಟರಿನ ಪರೀಕ್ಷಾ ಶುಲ್ಕ, ಕೊನೆಗೆ ಘಟಿಕೋತ್ಸವ ಶುಲ್ಕ ಬಿಡಿಬಿಡಿಯಾಗಿ ಬರುತ್ತವೆ. ಬ್ಯಾಕ್‌ಲಾಗ್ ಇದ್ದರೆ ಪರೀಕ್ಷಾ ಶುಲ್ಕ ಮತ್ತೆ. ಪಾಸಾಗುವ ಭರವಸೆ ಇದ್ದವರು ಉತ್ತರಪತ್ರಿಕೆಯ ನಕಲಿಗೆ, ಮರುಮೌಲ್ಯಮಾಪನಕ್ಕೆ ಬೇರೆ ಕಟ್ಟುತ್ತಾರೆ. ಕಟ್ಟಿದ್ದು ಒಬ್ಬೊಬ್ಬರಿಗೆ ಸಣ್ಣ ಮೊತ್ತ ಎನಿಸಬಹುದು, ಆದರೆ ಒಂದು ವಿವಿ ವರ್ಷಕ್ಕೆ ಮರುಪರೀಕ್ಷೆ ಮತ್ತು ಮರುಮೌಲ್ಯಮಾಪನದಿಂದ ಎಷ್ಟು ಆದಾಯ ಕಂಡಿತು ಎನ್ನುವುದು ಅದರ ಬೋಧನೆ ಮತ್ತು ಮೌಲ್ಯಮಾಪನದ ಬಗ್ಗೆ ಗ್ರೇಡಿಗಿಂತ ಹೆಚ್ಚು ಹೇಳುತ್ತದೆ. ಆ ಅಂಕಿಯನ್ನೂ ಕೊಡಿ.

ಶುಲ್ಕಕ್ಕಿಂತ ದೊಡ್ಡದು ಓಡಾಟ ಮತ್ತು ಊಟ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಬಸ್ ಖರ್ಚನ್ನು ಇಳಿಸಿತು ಎಂದು ರಾಜ್ಯಕ್ಕೆಲ್ಲ ಒಂದೇ ಮಾತಿನಲ್ಲಿ ಹೇಳುವಂತಿಲ್ಲ. ಅದು ನಡೆಯುವುದು ಸರ್ಕಾರಿ ಬಸ್ಸಿನಲ್ಲಿ. ಉಡುಪಿ, ದಕ್ಷಿಣ ಕನ್ನಡದ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳದ್ದೇ ಸಾಮ್ರಾಜ್ಯ, ತೀರ್ಥಹಳ್ಳಿ, ಕೊಪ್ಪದ ಕಡೆಯೂ ಬಹಳಷ್ಟು ಹಾಗೆಯೇ. ಹಾಗಾಗಿ ಬಸ್ ಖರ್ಚನ್ನು ವಿವಿವಾರು ಸರಾಸರಿ ಹಾಕಿದರೆ ಅರ್ಥವಿಲ್ಲ, ಕಾಲೇಜುವಾರು ಬೇಕು: ಬೆಳಗಿನ ತರಗತಿಗೆ ತಲುಪಿಸುವ ಸರ್ಕಾರಿ ಬಸ್ ಆ ದಾರಿಯಲ್ಲಿ ಇದೆಯೇ, ಇಲ್ಲವೇ. ಹೌದು, ಇಲ್ಲ ಎಂಬ ಒಂದು ಕಾಲಂ ಸಾಕು.

ಖರ್ಚಿನಿಂದ ವಿದ್ಯಾರ್ಥಿವೇತನ ಕಳೆಯಬೇಕು, ಆದರೆ ಮಂಜೂರಾದದ್ದನ್ನಲ್ಲ, ಖಾತೆಗೆ ಬಿದ್ದದ್ದನ್ನು, ಬಿದ್ದ ತಿಂಗಳ ಸಮೇತ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ, ವಸತಿಗೆ ಕೊಡುವ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ. ಬಾಡಿಗೆ ಕೋಣೆಯಲ್ಲಿರುವ ಹುಡುಗನಿಗೆ ಅದು ಜುಲೈಯಲ್ಲಿ ಬೇಕು, ಬರುವುದು ವರ್ಷ ಮುಗಿಯುವ ಹೊತ್ತಿಗೆ ಎಂದಾದರೆ ಅಷ್ಟರವರೆಗೆ ಮನೆಯವರು ಸಾಲ ಎತ್ತಿರುತ್ತಾರೆ. ಹಣ ಸಿಕ್ಕಿಕೊಳ್ಳುವ ಜಾಗಗಳೂ ಗೊತ್ತಿರುವವೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್, ಆಧಾರಿನಲ್ಲಿ ಇನ್ನೊಂದು. ಬ್ಯಾಂಕ್ ಖಾತೆ ಇದೆ, ಆದರೆ ಆಧಾರ್ ಜೋಡಣೆ ಹಳೆಯ ಖಾತೆಗೆ ಆಗಿದೆ. ಕಾಲೇಜಿನಲ್ಲಿ ಇ-ದೃಢೀಕರಣ ಮಾಡುವವರು ಒಬ್ಬರೇ, ಅವರು ಚುನಾವಣೆ ಕೆಲಸಕ್ಕೆ ಹೋಗಿದ್ದಾರೆ. ವಿವಿ ಪ್ರವೇಶಪಟ್ಟಿ ಅನುಮೋದಿಸುವುದು ತಡವಾಯಿತು, ನೋಂದಣಿ ಸಂಖ್ಯೆ ಬರಲಿಲ್ಲ, ಎಸ್‌ಎಸ್‌ಪಿಯ ಕೊನೆಯ ದಿನ ಬಂತು. ಈ ಕಡೆಯದು ನೇರವಾಗಿ ವಿವಿಯ ಜವಾಬ್ದಾರಿ. ಪ್ರವೇಶ ಮುಗಿದ ಎಷ್ಟು ದಿನಕ್ಕೆ ಪಟ್ಟಿಗೆ ಅನುಮೋದನೆ ಸಿಕ್ಕಿತು ಎಂಬ ಅಂಕಿಯಲ್ಲಿ ಎರಡು ವಿವಿಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಬಹುದು.

ಖರ್ಚು ಮತ್ತು ಮುಗಿಸಿದವರ ಲೆಕ್ಕ ಎರಡನ್ನೂ ಜೊತೆಗಿಟ್ಟು ಏಕೆ ಕೇಳುತ್ತಿದ್ದೇವೆ? ಇನ್ನೊಂದು ಕಾಲ್ಪನಿಕ ಲೆಕ್ಕ. ಒಂದು ಕಾಲೇಜಿನಲ್ಲಿ ಶುಲ್ಕ, ಬಸ್ಸು, ಊಟ ಸೇರಿ ವರ್ಷಕ್ಕೆ 30,000. ಸೇರಿದ 100ರಲ್ಲಿ 50 ಮಂದಿ ಮೂರು ವರ್ಷಕ್ಕೆ, 20 ಮಂದಿ ನಾಲ್ಕಕ್ಕೆ ಮುಗಿಸಿದರು. 20 ಮಂದಿ ಒಂದು ವರ್ಷಕ್ಕೆ, 10 ಮಂದಿ ಎರಡು ವರ್ಷಕ್ಕೆ ಬಿಟ್ಟರು. ಎಲ್ಲ ಕೂಡಿ 270 ವರ್ಷಗಳ ಖರ್ಚು, 81 ಲಕ್ಷ ರೂಪಾಯಿ. ಸಿಕ್ಕ ಪದವಿ 70. ಒಂದು ಪದವಿಗೆ ಸುಮಾರು 1,15,700. ಇನ್ನೊಂದು ಕಾಲೇಜು ದುಬಾರಿ, ವರ್ಷಕ್ಕೆ 36,000. ಅಲ್ಲಿ 80 ಮಂದಿ ಮೂರಕ್ಕೆ, 10 ಮಂದಿ ನಾಲ್ಕಕ್ಕೆ ಮುಗಿಸಿದರು, 10 ಮಂದಿ ಮೊದಲ ವರ್ಷಕ್ಕೇ ಬಿಟ್ಟರು. 290 ವರ್ಷ, 1 ಕೋಟಿ 4 ಲಕ್ಷ 40 ಸಾವಿರ, ಪದವಿ 90. ಒಂದಕ್ಕೆ 1,16,000. ಶೇ 20 ದುಬಾರಿ ಎಂದು ಕಂಡ ಕಾಲೇಜು ಪದವಿಯ ಲೆಕ್ಕದಲ್ಲಿ ಮುನ್ನೂರು ರೂಪಾಯಿಯಷ್ಟು ಮಾತ್ರ ಹೆಚ್ಚು. ನಾಲ್ಕನೇ ವರ್ಷ ಮನೆಯಲ್ಲೇ ಕೂತು ಬರೀ ಪರೀಕ್ಷೆ ಬರೆಯುವವನಿಗೆ ಪೂರ್ತಿ ಖರ್ಚು ಬೀಳುವುದಿಲ್ಲ, ಒಪ್ಪೋಣ. ಆದರೆ ಆ ವರ್ಷ ಅವನು ಕಳೆದುಕೊಂಡ ದುಡಿಮೆಯನ್ನು ನಾವು ಸೇರಿಸಿಯೇ ಇಲ್ಲ.

ಹೋಲಿಸುವಾಗ ಕುವೆಂಪುವಿಗೂ ಮಂಗಳೂರಿಗೂ ಅನ್ಯಾಯವಾಗದಂತೆ ಕೆಲವು ಎಚ್ಚರ ಬೇಕು. ಒಳಬರುವ ಮಕ್ಕಳು ಒಂದೇ ಮಟ್ಟದವರಲ್ಲ. ದ್ವಿತೀಯ ಪಿಯುಸಿಯಲ್ಲಿ ಕರಾವಳಿಯ ಎರಡು ಜಿಲ್ಲೆಗಳು ವರ್ಷಾನುವರ್ಷ ಮುಂಚೂಣಿಯಲ್ಲಿವೆ. 2024ರಲ್ಲಿ ದಕ್ಷಿಣ ಕನ್ನಡ ಶೇ 97.37, ಉಡುಪಿ 96.80. 2025ರಲ್ಲಿ ಉಡುಪಿ 93.90, ದಕ್ಷಿಣ ಕನ್ನಡ 93.57. ಇಂಥ ಜಿಲ್ಲೆಗಳ ಮಕ್ಕಳನ್ನು ಪಡೆಯುವ ವಿವಿ ಹೆಚ್ಚು ಮಂದಿಯನ್ನು ದಾಟಿಸಿದರೆ ಅಷ್ಟೂ ಶ್ರೇಯಸ್ಸು ಅದರದ್ದಲ್ಲ. ಪಿಯುಸಿಯಲ್ಲಿ 50ಕ್ಕಿಂತ ಕಡಿಮೆ, 50ರಿಂದ 60, 60ರಿಂದ 75, ಅದಕ್ಕೂ ಮೇಲೆ ಎಂದು ನಾಲ್ಕು ಗುಂಪು ಮಾಡಿ. ಶೇ 48 ತೆಗೆದು ಕುವೆಂಪುವಿಗೆ ಸೇರಿದವರನ್ನು ಶೇ 48 ತೆಗೆದು ಮಂಗಳೂರಿಗೆ ಸೇರಿದವರ ಜೊತೆ ತೂಗಿ. ಆಗುಂಬೆಯ ಮನೆಗೂ ಬೇಕಿರುವುದು ಅದೇ: ನಮ್ಮ ಮಗಳಂಥ ಮಕ್ಕಳು ಎಲ್ಲಿ ಹೆಚ್ಚು ಮುಗಿಸುತ್ತಾರೆ?

ವ್ಯಾಪ್ತಿಯೂ ನಿಂತ ನೀರಲ್ಲ. ಹಿಂದೆ 2009ರಲ್ಲಿ ದಾವಣಗೆರೆ ವಿವಿ ಆದಾಗ ಕುವೆಂಪು ವಿವಿಯ ಭೂಪಟ ಶಿವಮೊಗ್ಗ, ಚಿಕ್ಕಮಗಳೂರಿಗೆ ಇಳಿಯಿತು. 2023ರಲ್ಲಿ ಕೊಡಗು ಮಂಗಳೂರಿನಿಂದ ಬೇರೆಯಾಯಿತು. 2024ರ ಆರಂಭದಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಸ್ವಾಯತ್ತ ಕಾಲೇಜು ಪರಿಗಣಿತ (ಡೀಮ್ಡ್) ವಿವಿಯಾಯಿತು. ಅಂಥ ದೊಡ್ಡ ಕಾಲೇಜು ಹೊರಗೆ ಹೋದರೆ ಉಳಿದ ಒಂದು ತರಗತಿಯಲ್ಲೂ ಏನೂ ಬದಲಾಗದೆ ಮಂಗಳೂರು ವಿವಿಯ ಸರಾಸರಿ ಬದಲಾಗುತ್ತದೆ. ಆದ್ದರಿಂದ ಸೇರಿದ ವರ್ಷ ಯಾವ ಕಾಲೇಜು ಯಾವ ವಿವಿಯಲ್ಲಿತ್ತೋ ಆ ಲೆಕ್ಕಕ್ಕೇ ಕೊನೆಯವರೆಗೆ ಇಡಿ. ತಮ್ಮ ಪರೀಕ್ಷೆ ತಾವೇ ನಡೆಸುವ ಸ್ವಾಯತ್ತ ಕಾಲೇಜುಗಳನ್ನು ಬೇರೆ ಕೋಷ್ಟಕದಲ್ಲಿ ಹಾಕಿ. ಬಿಎ, ಬಿಕಾಂ, ಬಿಎಸ್ಸಿ, ಬಿಸಿಎ ಬೆರೆಸಬೇಡಿ. ಮಲೆನಾಡಿನ ಕೆಲವು ಕಾಲೇಜುಗಳಲ್ಲಿ ಬಿಎಸ್ಸಿಗೆ ಹತ್ತು ಹನ್ನೆರಡು ಮಕ್ಕಳೇ ಇರುತ್ತಾರೆ, ಇಬ್ಬರು ಬಿಟ್ಟರೆ ಅಂಕಿ ಹೊಯ್ದಾಡುತ್ತದೆ. 20ಕ್ಕಿಂತ ಕಡಿಮೆ ಇದ್ದರೆ ಮೂರು ತಂಡ ಕೂಡಿಸಿ ತೋರಿಸಿ.

ಕೆಲಸ ಸಿಕ್ಕವರ ಲೆಕ್ಕವನ್ನು ಸದ್ಯಕ್ಕೆ ಚಿಕ್ಕದಾಗಿಯೇ ಇಡಿ. ‘ಗರಿಷ್ಠ ಪ್ಯಾಕೇಜ್’ ಒಬ್ಬನ ಸಂಬಳ, ಅದು ಯಾರಿಗೂ ಉಪಯೋಗವಿಲ್ಲ. ಆಫರ್ ಲೆಟರ್ ಎಣಿಸಿದರೆ ಒಬ್ಬನಿಗೆ ಮೂರು ಬಂದದ್ದು ಮೂರಾಗುತ್ತದೆ. ಪದವಿಯ ಹನ್ನೆರಡು ತಿಂಗಳ ನಂತರ ಫೋನು ಮಾಡಿ ಕೇಳಿ: ಓದುತ್ತಿದ್ದಾರೋ, ದುಡಿಯುತ್ತಿದ್ದಾರೋ, ಸಂಬಳದ ಮಧ್ಯಾಂಕ (ಏರಿಕೆ ಕ್ರಮದಲ್ಲಿ ಸಾಲಾಗಿಟ್ಟರೆ ನಡುವೆ ಬೀಳುವ ಸಂಬಳ) ಎಷ್ಟು. ಎಷ್ಟು ಮಂದಿ ಫೋನಿಗೆ ಸಿಕ್ಕರು ಎಂಬುದನ್ನೂ ಬರೆಯಿರಿ. ಯುವನಿಧಿ ಅರ್ಜಿಗಳ ಸಂಖ್ಯೆ ಜೊತೆಗಿರಲಿ, ಆದರೆ ಅರ್ಜಿ ಹಾಕದವರೆಲ್ಲ ಕೆಲಸದಲ್ಲಿದ್ದಾರೆ ಎಂದು ಓದಬೇಡಿ.

ಖಾಸಗಿತನದ ನೆಪ ಇಲ್ಲಿ ಬರುವುದಿಲ್ಲ. ಯಾರ ಹೆಸರೂ ಬೇಡ, ಒಟ್ಟು ಸಂಖ್ಯೆ ಸಾಕು. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಬೇಕಾದ ಮಾಹಿತಿಯ ಬಗ್ಗೆ ಹೇಳುತ್ತದೆ, ಇದನ್ನು ಅದರಡಿ ತರಬಹುದು.

ಪರಿಷತ್ತು ಮೊದಲು ಈ ಎರಡು ವಿವಿಗಳ 2021-22ರ ತಂಡದಿಂದ ಶುರು ಮಾಡಲಿ. ಪಟ್ಟಿಯನ್ನು ವಿವಿಯ ಜಾಲತಾಣದ ಯಾವುದೋ ಮೂಲೆಯಲ್ಲಿ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ ತುರುಕಬೇಡಿ, ಅದನ್ನು ಕೂಡಿಸಲೂ ಆಗದು ಹುಡುಕಲೂ ಆಗದು. ಎಕ್ಸೆಲ್ ಕಡತವನ್ನೂ ಕೊಡಿ. ಜೊತೆಗೆ ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿಗೆ ಕನ್ನಡದಲ್ಲಿ ಒಂದು ಎ4 ಹಾಳೆ. ಮೇಲಿನ ಸಾಲಿನಲ್ಲಿ ಸೇರಿದವರು, ಮೂರು ವರ್ಷಕ್ಕೆ ಮುಗಿಸಿದವರು, ಐದಕ್ಕೆ ಮುಗಿಸಿದವರು, ಟಿಸಿ ಪಡೆದವರು. ಕೆಳಗಿನ ಸಾಲಿನಲ್ಲಿ ಮೂರು ವರ್ಷದ ಒಟ್ಟು ಶುಲ್ಕ ಪರೀಕ್ಷಾ ಶುಲ್ಕ ಸಮೇತ, ವಿದ್ಯಾರ್ಥಿವೇತನ ಖಾತೆಗೆ ಬಿದ್ದ ತಿಂಗಳು, ಸರ್ಕಾರಿ ಬಸ್ ಇದೆಯೇ ಇಲ್ಲವೇ. ಪಿಯುಸಿ ಫಲಿತಾಂಶ ಏಪ್ರಿಲಿನಲ್ಲಿ ಬರುತ್ತದೆ, ಹಾಳೆ ಮೇ 1ರೊಳಗೆ ಅಂಟಿರಬೇಕು. ಜೂನಿನಲ್ಲಿ ಅಂಟಿಸಿದರೆ ಅಷ್ಟರೊಳಗೆ ಶುಲ್ಕ ಕಟ್ಟಿ ಆಗಿರುತ್ತದೆ.

ಇತಿ,
ಪದವಿ ಕಾಲೇಜುಗಳ ಪ್ರವೇಶ, ಪರೀಕ್ಷೆ, ವಿದ್ಯಾರ್ಥಿವೇತನದ ಕೆಲಸ ಬಲ್ಲ ಕೆಲವರು